ರಾಮನ ಐದನೆಯ ಬೆರಳು

“ಈಗಿನ ಮಕ್ಕಳಿಗೆ ಸ್ವಂತ ಯೋಚನೆಯೇ ಇಲ್ಲವಲ್ಲ ಗುರುಗಳೇ, ಏಕೆ?”

ಶಾಲೆಯಲ್ಲಿ ಚಿತ್ರ ಕಲಿಸುವ ಮರುಳಯ್ಯ ಈ ದೂರು ಹೊತ್ತು ಮಠಕ್ಕೆ ಬಂದಿದ್ದ. ತಾನು ಬೋರ್ಡಿನ ಮೇಲೆ ಬರೆದ ನವಿಲನ್ನು ಮಕ್ಕಳು ಚಾಚೂ ತಪ್ಪದೆ ಇಳಿಸುತ್ತಾರೆ, ನೀವೇ ಏನಾದರೂ ಬರೆಯಿರಿ ಎಂದರೆ ಕೈಕಟ್ಟಿ ಕೂರುತ್ತಾರೆ ಎಂದ. ಹಿಂದೆ ಒಬ್ಬ ಹುಡುಗಿ ಮಾತ್ರ, ಹೊಲದಲ್ಲಿ ಕಂಡದ್ದು ಹೀಗೇ ಎಂದು ಗರಿ ಮಡಚಿದ ನವಿಲು ಬರೆದಿದ್ದಳು. ಅದಕ್ಕೆ ಕೆಂಪು ಗೀಟು ಎಳೆದು ಸರಿದಾರಿಗೆ ತಂದೆ ಎಂದು ಹೆಮ್ಮೆಯಿಂದಲೇ ಹೇಳಿದ. ಗುರುಗಳ ಮುಖ ಬಿಗಿಯಿತು. ಕತೆ ಶುರು ಮಾಡಿದಾಗ ಅವರ ದನಿ ಎಂದಿನಂತೆ ಮೆತ್ತಗಿರಲಿಲ್ಲ.

ತೊಗಲುಗೊಂಬೆ ಮಾಡುವವನೊಬ್ಬನಿದ್ದ. ಅವರ ಮನೆತನದಲ್ಲಿ ಹಳೆಯ ಗೊಂಬೆಯನ್ನು ಹೊಸ ತೊಗಲಿನ ಮೇಲಿಟ್ಟು, ಸುತ್ತ ಗೆರೆ ಎಳೆದು ಕತ್ತರಿಸುವುದು ರೂಢಿ. ಅದು ಸವೆದರೆ ಅದರ ಮೇಲಿಂದಲೇ ಇನ್ನೊಂದು. ಒಂದು ದಿನ ಅವನ ಎಂಟು ವರ್ಷದ ಮಗಳು ಹಳೆಯ ಗೊಂಬೆಯನ್ನು ಪಕ್ಕಕ್ಕಿಟ್ಟು, ತನ್ನ ಎಡಗೈಯನ್ನೇ ನೋಡಿ ನೋಡಿ, ರಾಮನ ಕೈಗೆ ಐದು ಬೆರಳು ಬರೆದಳು. ಅಪ್ಪ ಕೆಂಡಾಮಂಡಲವಾದ. ಅವರ ಮನೆಯ ರಾಮನಿಗೆ ಮೂರು ತಲೆಮಾರಿನಿಂದ ನಾಲ್ಕೇ ಬೆರಳು.

ಮುತ್ತಾತನಿಗೆ ತಿಳಿಯದ್ದು ನಿನಗೆ ತಿಳಿಯಿತೇ ಎಂದು ಕೈಗೇ ಬಾರಿಸಿದ, ಪುಣ್ಯಾತ್ಮ! ಗೊಂಬೆಯ ಐದನೆಯ ಬೆರಳನ್ನು ಅವಳಿಂದಲೇ ಕತ್ತರಿಸಿ ಹಾಕಿಸಿದ. ಪಾಪ, ಮಗು ಅಳುತ್ತಲೇ ಕತ್ತರಿಸಿತು. ಅಂದಿನಿಂದ ಅವಳು ಅಪ್ಪ ತೋರಿಸಿದ್ದನ್ನಷ್ಟೇ ಬರೆದಳು. ಎಷ್ಟು ಚೆನ್ನಾಗಿ ಕಲಿತಳು ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ.

ಕೆಲವು ವರ್ಷಗಳ ಮೇಲೆ ಅಟ್ಟದ ಪೆಟ್ಟಿಗೆಯಲ್ಲಿ ಮುತ್ತಾತ ಮಾಡಿದ ರಾಮನ ಮೊದಲ ಗೊಂಬೆ ಸಿಕ್ಕಿತು. ಅದರ ಕೈಯಲ್ಲಿ ಕಿರುಬೆರಳಿನ ಬುಡವಿತ್ತು, ಬೆರಳಿರಲಿಲ್ಲ. ಅಂಚಿನಲ್ಲಿ ಇಲಿಯ ಹಲ್ಲಿನ ಗುರುತಿತ್ತು. ಇಲಿ ಕಡಿದದ್ದನ್ನು ಇವರು ಇಷ್ಟು ಕಾಲ ಭಕ್ತಿಯಿಂದ ಇಳಿಸಿಕೊಂಡು ಬಂದಿದ್ದರು.

ಅವನಿಗೆ ನಾಚಿಕೆಯಾಯಿತು. ಮಗಳನ್ನು ಕೂರಿಸಿಕೊಂಡು, ಹೊಸ ತೊಗಲು ಹಾಸಿ, ಇನ್ನು ಮೇಲೆ ನಿನಗೆ ಕಂಡಂತೆ ಬರೆ ತಾಯಿ ಎಂದ. ಅವಳು ಕೈಗಳನ್ನು ಮಡಿಲಿನಿಂದ ಎತ್ತಲೇ ಇಲ್ಲ.

“ಎಷ್ಟು ಬೆರಳು ಬರೆಯಲಿ, ಅಪ್ಪ?” ಎಂದು ಕೇಳಿದಳು.

ಗುರುಗಳು ಕತೆ ಅಲ್ಲಿಗೇ ನಿಲ್ಲಿಸಿದರು. ಒಂದು ಇಲಿಯಿಂದ ಎಂಥ ಅನರ್ಥವಾಯಿತು ಎಂದು ಮರುಳಯ್ಯ ಲೊಚಗುಟ್ಟಿದ. ಗುರುಗಳು ಅವನ ಜೇಬಿನಲ್ಲಿದ್ದ ಕೆಂಪು ಪೆನ್ನನ್ನೇ ನೋಡಿದರು.

“ಇಲಿ ತಿಂದದ್ದು ಗೊಂಬೆಯ ಒಂದು ಬೆರಳು ಮರುಳಯ್ಯ, ಆ ಮಗುವಿನ ಕಣ್ಣು ತಿಂದವರು ಯಾರು?”