ಸರಪಳಿ ಪ್ರಾರ್ಥನೆ

ಈಸ್ಟರ್‌ಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರದ ಮಧ್ಯಾಹ್ನ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಶಿಷ್ಯ ಗುರುವನ್ನು ಕೇಳಿದ:

"ಅಯ್ಯನವರೇ, ನನ್ನ ಪ್ರಾರ್ಥನಾ ಕೂಟದಲ್ಲಿ ಹದಿನಾಲ್ಕು ಮಕ್ಕಳು. ಎಲ್ಲರೂ ಆರರಿಂದ ಎಂಟನೇ ತರಗತಿಯವರು. ಹದಿಮೂರು ಮಂದಿ ಬಾಯಿಬಿಟ್ಟು ಪ್ರಾರ್ಥಿಸುತ್ತಾರೆ. ಒಬ್ಬ ಹುಡುಗ ಮಾತ್ರ ಸುಮ್ಮನೆ ನಿಲ್ಲುತ್ತಾನೆ. ಅವನ ಸರದಿ ಬಂದಾಗ ಎಲ್ಲರೂ ಕಾಯಬೇಕು. ಅವನಿಗೂ ಅದು ಹಿಂಸೆ. ಅವನನ್ನು ಬಿಟ್ಟು ಮುಂದೆ ಹೋಗಬಹುದೇ?"

ಶಿಷ್ಯ ವಿಜ್ಞಾನದ ಪದವೀಧರ. ಆ ವರ್ಷವಷ್ಟೇ ಕೂಟದ ಹೊಣೆ ಹೊತ್ತಿದ್ದ. ಗುರು ಹಲವು ಊರುಗಳ ಸಭೆಗಳಲ್ಲಿ ಉಪದೇಶಿಯಾಗಿ ದುಡಿದು ಮುದುಕರಾಗಿದ್ದರು. ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನ ಚರ್ಚಿನಲ್ಲಿ ಒಬ್ಬ ಉಪಾಧ್ಯಾಯನಿದ್ದ. ಪ್ರತಿ ಶನಿವಾರ ಅವನು ಇದೇ ವಯಸ್ಸಿನ ಮಕ್ಕಳ ಕೂಟ ನಡೆಸುತ್ತಿದ್ದ. ಸಣ್ಣ ಮಕ್ಕಳು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತವೆ. ಈ ವಯಸ್ಸಿನವರು ಪಕ್ಕದವನು ನಕ್ಕಾನೆಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಉಪಾಧ್ಯಾಯ ಇದನ್ನು ಬಲ್ಲವನು. ಆದ್ದರಿಂದ ಸರಪಳಿ ಪ್ರಾರ್ಥನೆ ಎಂಬ ಒಂದು ಪದ್ಧತಿ ಮಾಡಿದ. ಕೂಟದ ಕೊನೆಗೆ ಮಕ್ಕಳು ಕೈ ಕೈ ಹಿಡಿದು ವೃತ್ತವಾಗಿ ನಿಲ್ಲಬೇಕು. ಒಬ್ಬೊಬ್ಬರೂ ಒಂದು ಸಾಲು ಪ್ರಾರ್ಥಿಸಬೇಕು. ಇಷ್ಟವಿಲ್ಲದವರು ಪಕ್ಕದವರ ಕೈ ಅದುಮಿದರೆ ಸಾಕು, ಸರದಿ ಮುಂದೆ ಹೋಗುತ್ತದೆ. ಯಾರೂ ಕಾರಣ ಕೇಳುವಂತಿಲ್ಲ. ಕೈಯನ್ನೂ ಅದುಮದೆ, ಮಾತೂ ಆಡದೆ ನಿಂತವರಿಗಾಗಿ ಉಪಾಧ್ಯಾಯ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತಿದ್ದ. ಹತ್ತಾದ ಮೇಲೆ ಮುಂದಿನವರು ಶುರು ಮಾಡಬಹುದು.

ಮಕ್ಕಳಿಗೆ ಇದು ಹಿಡಿಸಿತು. ಹುಡುಗರ ಸಾಲು ಹುಡುಗಿಯರ ಸಾಲನ್ನು ಸೇರುವಲ್ಲಿ ಮಾತ್ರ ಇಬ್ಬರೂ ಕೈ ಹಿಡಿಯಲು ಒಪ್ಪಲಿಲ್ಲ. ಒಂದು ಕರವಸ್ತ್ರದ ಎರಡು ತುದಿ ಹಿಡಿದುಕೊಂಡರು. ಒಂದು ಸಲ ಒಬ್ಬ ಹುಡುಗ, "ಕರ್ತನೇ, ಗಣಿತದ ಸರ್‌ಗೆ ಜ್ವರ ಬರಲಿ" ಎಂದು ಪ್ರಾರ್ಥಿಸಿದ. ಉಪಾಧ್ಯಾಯ ಕಣ್ಣು ತೆರೆಯದೆ, "ಜ್ವರ ಬೇಡ, ರಜೆ ಕೇಳು" ಎಂದ. ಎಲ್ಲರೂ ನಕ್ಕರು.

ವೃತ್ತದಲ್ಲಿ ಕೊನೆಯ ಸರದಿ ತಬಿತಾ ಎಂಬ ಹುಡುಗಿಯದು. ಏಳನೇ ತರಗತಿ. ತಾಯಿಯಿಲ್ಲದ ಮಗು. ಅವಳ ಪಕ್ಕದಲ್ಲಿ ಉಪಾಧ್ಯಾಯ ನಿಲ್ಲುತ್ತಿದ್ದ. ಅವಳ ನಂತರ ಮುಗಿಸುವ ಪ್ರಾರ್ಥನೆ ಅವನದು.

ಆ ವರ್ಷ ಈಸ್ಟರ್‌ಗೆ ಒಂದೂವರೆ ತಿಂಗಳಿರುವಾಗ ತಬಿತಾಳ ಸೋದರತ್ತೆ ಬಂದಳು. ದೂರದ ಪಟ್ಟಣದ ಒಂದು ಮನೆಯಲ್ಲಿ ಕೂಸು ನೋಡಿಕೊಳ್ಳಲು ಹುಡುಗಿ ಬೇಕು, ಹಬ್ಬ ಮುಗಿದೊಡನೆ ಕಳಿಸು ಎಂದಳು. ತಂದೆ ಒಪ್ಪಿದ. ಶಾಲೆ ಅಲ್ಲಿಗೆ ಮುಗಿಯುತ್ತಿತ್ತು.

ತಬಿತಾಳಿಗೆ ಓದಬೇಕಿತ್ತು. ತಂದೆ ಉಪಾಧ್ಯಾಯನ ಮಾತನ್ನು ಮೀರುವವನಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಆದರೆ ಹೆತ್ತವನ ಮೇಲೆ ಹೊರಗಿನವರಿಗೆ ದೂರು ಹೇಳುವುದು ಹೇಗೆ? ಅವಳು ಹಲವು ದಿನ ಯೋಚಿಸಿದಳು. ದೇವರಿಗೆ ಹೇಳಿದರೆ ಅದು ದೂರಲ್ಲ. ಪಕ್ಕದಲ್ಲಿ ನಿಂತವರ ಕಿವಿಗೆ ಬಿದ್ದರೆ ಅದು ಅವಳ ತಪ್ಪಲ್ಲ. ಸರಪಳಿ ಪ್ರಾರ್ಥನೆಯಲ್ಲಿ ಹೇಳಬೇಕೆಂದು ನಿಶ್ಚಯಿಸಿದಳು.

ಮೂರು ಶನಿವಾರ ಧೈರ್ಯ ಸಾಲದೆ ಕೈ ಅದುಮಿದಳು. ನಾಲ್ಕನೆಯದು ಗರಿಗಳ ಭಾನುವಾರದ ಹಿಂದಿನ ದಿನ. ಹಬ್ಬಕ್ಕೆ ಮೊದಲು ಅದೇ ಕೊನೆಯ ಕೂಟ. ಅಂದು ಸರದಿ ಬಂದಾಗ ಅವಳು ಕೈ ಅದುಮಲಿಲ್ಲ. "ಕರ್ತನೇ" ಎಂದಳು. ಮುಂದಿನ ಮಾತು ಬರಲಿಲ್ಲ.

ಉಪಾಧ್ಯಾಯ ಎಣಿಸತೊಡಗಿದ. ಅವಳ ಅಂಗೈ ಬೆವರಿತ್ತು. ಯಾರೋ ಕಿಸಕ್ಕೆಂದರು. ಮಗುವಿಗೆ ಅವಮಾನವಾಗುತ್ತಿದೆ ಎಂದು ಅವನಿಗೆ ಕನಿಕರವಾಯಿತು. ಮೆಲ್ಲನೆ ಅವಳ ಕೈ ಅದುಮಿ, ತಾನೇ ಮುಂದುವರಿಸಿದ: "ಕರ್ತನೇ, ಬಾಯಿಗೆ ಬಾರದ ಮಾತನ್ನೂ ನೀನು ಬಲ್ಲೆ."

ಎಲ್ಲರೂ ಆಮೆನ್ ಎಂದರು. ತಬಿತಾ ಕೂಡ ಆಮೆನ್ ಎಂದಳು.

ಹಬ್ಬವಾಯಿತು. ಬೇಸಿಗೆ ರಜೆ ಬಂತು. ಕೂಟ ಮತ್ತೆ ಶುರುವಾಗುವ ಮೊದಲೇ ಉಪಾಧ್ಯಾಯನಿಗೆ ಬೇರೆ ಊರಿಗೆ ವರ್ಗವಾಯಿತು.

ನಾಲ್ಕು ವರ್ಷದ ಮೇಲೆ ಆ ಹೊಸ ಊರಿನ ಚರ್ಚಿಗೆ ಒಬ್ಬ ಹುಡುಗಿ ಬಂದಳು. ಸೊಂಟದ ಮೇಲೆ ಕೂಸು. ಅವಳು ಕೆಲಸಕ್ಕಿದ್ದ ಮನೆಯ ಎರಡನೆಯ ಮಗು. ಉಪಾಧ್ಯಾಯ ಗುರುತು ಹಿಡಿದ. ಎಲ್ಲವನ್ನೂ ಕೇಳಿ ತಿಳಿದ. ಈಗಲಾದರೂ ಶಾಲೆಗೆ ಸೇರು, ನಾನು ಮಾತಾಡುತ್ತೇನೆ ಎಂದ.

"ಹದಿನಾರು ವರ್ಷದವಳನ್ನು ಎಂಟನೇ ತರಗತಿಯಲ್ಲಿ ಎಲ್ಲಿ ಕೂರಿಸುತ್ತಾರೆ, ಸರ್?" ಎಂದು ಅವಳು ನಕ್ಕಳು. ಆಮೇಲೆ ಹೇಳಿದಳು: "ಆವತ್ತು ಹೇಳಬೇಕು ಅಂತಲೇ ಬಂದಿದ್ದೆ. ನೀವು ಕೈ ಅದುಮಿದಿರಿ. ಬೇಡ ಅಂದಿರಿ ಅಂದುಕೊಂಡೆ."

ಕೂಸು ಅತ್ತಿತು. ಅವಳು ಅದನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಹೊರಟಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಹೇಳಿದ:

"ಆ ಉಪಾಧ್ಯಾಯರ ತಪ್ಪೇನೂ ಇಲ್ಲ, ಅಯ್ಯನವರೇ. ಪದ್ಧತಿಯಂತೆ ಹತ್ತರವರೆಗೆ ಕಾದಿದ್ದಾರಲ್ಲ?"

ಗುರು ತಮ್ಮ ಅಂಗೈ ನೋಡಿಕೊಂಡು ಹೇಳಿದರು:

"ನಾನು ಎಣಿಸಿದ್ದು ಆರು."