ಪಟ್ಟಣವನ್ನು ಏರಿಸಹೊರಟ ಹಲಗೆ

ಟೊಮೆಟೊ ಮಂಡಿಯ ದರದ ಹಲಗೆಗೂ ಪಟ್ಟಣದ ತಳ್ಳುಗಾಡಿಯ ಸ್ಲೇಟಿಗೂ ಮುಖಪರಿಚಯವಿರಲಿಲ್ಲ. ನಡುವೆ ಹಾರಾಡುವ ಗೊರವಂಕ ವರ್ಷವರ್ಷವೂ ಹಲಗೆಗೆ ಸುದ್ದಿ ತರುತ್ತಿತ್ತು: "ಮಳೆಗಾಲದಲ್ಲಿ ನಿನ್ನ ದರ ಏರಿತು, ಸ್ಲೇಟಿನದ್ದೂ ಏರಿತು. ಸುಗ್ಗಿಯಲ್ಲಿ ನಿನ್ನದು ಇಳಿಯಿತು, ಅದರದ್ದೂ ಇಳಿಯಿತು."

"ಹಾಗಾದರೆ ಪಟ್ಟಣದ ಸೂತ್ರ ನನ್ನ ಕೈಯಲ್ಲಿದೆ," ಎಂದುಕೊಂಡಿತು ಹಲಗೆ.

ಸುಗ್ಗಿಯ ಒಂದು ಬೆಳಗ್ಗೆ, ಮಂಜಿನಲ್ಲಿ ಮಂಡಿಯೇ ತೇಲುತ್ತಿರುವಂತಿದ್ದಾಗ, ಹಣ್ಣು ತುಂಬಿದ ಕ್ರೇಟೊಂದು ಪಟ್ಟಣಕ್ಕೆ ಹೊರಟಿತು.

"ನಿಲ್ಲು ಮಗೂ, ನಾನು ಏರುತ್ತೇನೆ. ಪಟ್ಟಣವೂ ಏರಲಿ, ಆಮೇಲೆ ಹೋಗುವೆಯಂತೆ," ಎಂದ ಹಲಗೆ ತನ್ನ ದರವನ್ನು ತಾನೇ ಏರಿಸಿಕೊಂಡಿತು.

ಕ್ರೇಟು ನಂಬಿ ಕುಳಿತಿತು. ಮಂಜು ಬಂತು, ಹೋಯಿತು, ಮರುದಿನ ಮತ್ತೆ ಬಂತು; ಹೀಗೆ ದಿನಗಳು ಕಳೆದವು. ಪಟ್ಟಣದ ದರ ಕದಲಲಿಲ್ಲ. ಗೊರವಂಕ ಹಾರಿಹೋಗಿ ಸ್ಲೇಟನ್ನು ಕೇಳಿತು: "ಹಲಗೆಯಣ್ಣ ಏರಿದ್ದಾನೆ, ನೀನೇಕೆ ಏರಲಿಲ್ಲ?"

"ಯಾವ ಹಲಗೆ?" ಎಂದಿತು ಸ್ಲೇಟು. "ಮಳೆಗೆ ಹಣ್ಣು ಕಡಿಮೆಯಾದರೆ ಏರುತ್ತೇನೆ, ಸುಗ್ಗಿಗೆ ಹೆಚ್ಚಾದರೆ ಇಳಿಯುತ್ತೇನೆ. ನನಗೆ ಗೊತ್ತಿರುವುದು ಅಷ್ಟೇ."

ಗೊರವಂಕ ಬಂದು ಇದನ್ನು ಹಲಗೆಗೆ ಹೇಳಿತು. "ನಾನೂ ಹಾಗೇ ಅಲ್ಲವೇ," ಎಂದಿತು ಹಲಗೆ, ನಿದ್ದೆಗಣ್ಣಲ್ಲಿ ಮಾತಾಡುವವರ ಹಾಗೆ. "ಏಳು ಮಗೂ, ಹೊರಡು."

ಕ್ರೇಟು ಏಳಲಿಲ್ಲ. ಅದರ ಸಂದಿಗಳಿಂದ ಕೆಂಪು ನೀರು ಸೋರುತ್ತಿತ್ತು.