ತಮಟೆಯ ಮೇಲಿಟ್ಟ ಕೈ

“ಗುರುಗಳೇ, ಅರಸನು ಎಲ್ಲವನ್ನೂ ಡಂಗುರ ಹೊಡೆಸಿ ಸಾರಿದ ಮೇಲೂ ಪ್ರಜೆಗಳಿಗೆ ತಿಳಿಯದೆ ಹೋಗುವುದು ಹೇಗೆ?” ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಒಂದು ರಾಜ್ಯದಲ್ಲಿ ಒಂದು ಕಟ್ಟಳೆಯಿತ್ತು. ಯಾವ ಆಜ್ಞೆಯನ್ನೇ ಆಗಲಿ, ನಡುಹಗಲಿನಲ್ಲಿ ಅರಳಿಕಟ್ಟೆಯ ಮೇಲೆ ಓದಿ ಮೂರು ಸಲ ತಮಟೆ ಬಡಿಯಬೇಕು. ಮೂರನೆಯ ಪೆಟ್ಟಿಗೆ ಮೊದಲು ಪ್ರಜೆಯೊಬ್ಬನು ತಮಟೆಯ ಮೇಲೆ ಕೈಯಿಟ್ಟರೆ ಸಾಕು, ಆಜ್ಞೆ ನಿಲ್ಲುತ್ತಿತ್ತು. ಊರೆಲ್ಲ ಕೂಡಿ ವಿಚಾರಿಸಬೇಕಾಗುತ್ತಿತ್ತು. ಅರಸನು ಈ ಕಟ್ಟಳೆಯನ್ನು ಒಮ್ಮೆಯೂ ಮೀರಿದವನಲ್ಲ.

ಅಲ್ಲೊಬ್ಬ ಕುಂಬಾರಗಿತ್ತಿಯಿದ್ದಳು. ಕೆರೆಯ ಎರಡು ದಂಡೆಗಳ ಹೊರತು ಮಡಕೆಗೆ ಒದಗುವ ಮಣ್ಣು ಆ ಊರಿನಲ್ಲಿ ಬೇರೆಲ್ಲೂ ಇರಲಿಲ್ಲ. ಒಂದು ಬೆಳಗ್ಗೆ ಅವಳು ಬುಟ್ಟಿ ಹೊತ್ತು ಹೋದಾಗ ಕಾವಲಿನವನು ತಡೆದನು. ಬಡಗಣ ದಂಡೆ ಅರಮನೆಯ ಇಟ್ಟಿಗೆಗೂಡಿಗೆ ಸೇರಿತೆಂದನು. ಅವಳು ನೇರವಾಗಿ ಡಂಗುರದವನ ಮನೆಗೆ ನಡೆದಳು.

“ಸಾರಿದೆನಲ್ಲ ಅಕ್ಕ, ಹೋದ ಗುರುವಾರ. ಕಟ್ಟೆಯ ಬಳಿ ಒಂದು ಆಡು ಮಾತ್ರ ಇತ್ತು. ಅದು ಬೇಡವೆನ್ನಲಿಲ್ಲ.”

ಅವಳಿಗೆ ನೆನಪಾಯಿತು. ಆ ಗುರುವಾರ ಮಂತ್ರಿಯೂ ದಂಡನಾಯಕನೂ ಅರಮನೆಯ ಮೆಟ್ಟಿಲ ಮೇಲೆ ನಿಂತು ಒಬ್ಬರನ್ನೊಬ್ಬರು ಬೈದಾಡಿದ್ದರು. ಊರಿಗೆ ಊರೇ ಅಲ್ಲಿ ನೆರೆದಿತ್ತು. ಅವಳೂ ಇದ್ದಳು, ಎಲ್ಲರಿಗಿಂತ ಮುಂದೆ. ಅವಳಿಗೆ ಕುತೂಹಲ ಹುಟ್ಟಿತು. ಉಪ್ಪಿನ ಸುಂಕ ಸಾರಿದ್ದು ಯಾವ ದಿನವೆಂದು ಕೇಳಿದಳು. ಯುವರಾಜನು ಮುನಿಸಿಕೊಂಡು ಕೋಟೆ ಬಿಟ್ಟ ದಿನವೆಂದನು ಡಂಗುರದವನು. ಹುಲ್ಲುಗಾವಲಿಗೆ ಬೇಲಿ ಬಿದ್ದದ್ದು? ರಾಣಿಯ ತಮ್ಮನನ್ನು ಸೆರೆಗೆ ಹಾಕಿದ ದಿನ. ಅರಮನೆಯಲ್ಲಿ ಗದ್ದಲವೆದ್ದ ದಿನವೇ ತನಗೆ ಕರೆ ಬರುವುದೆಂದೂ, ಏಕೆಂದು ತಾನು ಕೇಳಿದವನಲ್ಲವೆಂದೂ ಅವನು ಹೇಳಿದನು. ಈಗ ಅವಳ ಪಾಲಿಗೆ ತೆಂಕಣ ದಂಡೆಯೊಂದೇ ಉಳಿದಿತ್ತು.

ತಿಂಗಳು ಕಳೆಯಿತು. ಅವಳು ಅಂಗಳದಲ್ಲಿ ಮಣ್ಣು ನಾದುತ್ತಿದ್ದಾಗ ಕೇರಿಯವರೆಲ್ಲ ಎದ್ದು ಅರಮನೆಯತ್ತ ಓಡಿದರು. ಮಂತ್ರಿಗೂ ದಂಡನಾಯಕನಿಗೂ ಹೊಡೆದಾಟ ಹತ್ತಿದೆಯಂತೆ, ಒಬ್ಬನ ರುಮಾಲು ಮಣ್ಣುಪಾಲಾಗಿದೆಯಂತೆ, ಇನ್ನೊಬ್ಬನು ಕತ್ತಿ ಹಿರಿದಿದ್ದಾನಂತೆ. ನೆರೆಯವಳು ಕೂಗಿ ಕರೆದಳು. ಇಂಥ ನೋಟ ಬಿಟ್ಟು ಮಣ್ಣು ನಾದುವವಳನ್ನು ತಾನು ಕಂಡಿಲ್ಲವೆಂದು ಹಂಗಿಸಿದಳು. ಕುಂಬಾರಗಿತ್ತಿ ಕೈ ತೊಳೆಯಲಿಲ್ಲ. ಎದ್ದು ಅರಳಿಕಟ್ಟೆಗೆ ನಡೆದಳು.

ಆಜ್ಞೆ ಓದಿ ಮುಗಿದಿತ್ತು. ಅದು ತೆಂಕಣ ದಂಡೆಯದೇ. ತಮಟೆ ಎರಡು ಸಲ ನುಡಿದಿತ್ತು. ಮೂರನೆಯ ಪೆಟ್ಟಿಗೆ ಡಂಗುರದವನು ಕೋಲು ಎತ್ತಿದಾಗ ಹಸಿಮಣ್ಣಿನ ಅಂಗೈಯೊಂದು ಚರ್ಮದ ಮೇಲೆ ಬಿತ್ತು.

ಇಲ್ಲಿಗೆ ಗುರುಗಳು ಕಥೆ ಮುಗಿಸಿದರು. ಶಿಷ್ಯನು ಇನ್ನಷ್ಟು ಹತ್ತಿರಕ್ಕೆ ಸರಿದು ಕೇಳಿದನು:

“ಗುರುಗಳೇ, ಕತ್ತಿ ಹಿರಿದವನು ಯಾರು, ಮಂತ್ರಿಯೋ ದಂಡನಾಯಕನೋ?”

“ಅವಳು ಕಟ್ಟೆಗೆ ಹೋದಳು, ನೀನು ಅರಮನೆಗೆ ಓಡಿದೆ” ಎಂದರು ಗುರುಗಳು.